‘ಅಮಾಸಿ’ಯ ಕೊನೆಯ ಹಾಡು

ದಾದರ, ಮುಂಬಯಿ
12 ನವೆಂಬರ್ 1979

ಗೆಳೆಯ ಮಾಳಪ್ಪಾ,

ನಮ್ಮ ರೆಕಾರ್ಡು ಬಂತು. ನಿನ್ನೆ ಮಧ್ಯಾಹ್ನ ಕಂಪನಿಯ ಆಫೀಸಿನಲ್ಲಿ ಕೈಗೆ ಕೊಟ್ಟರು. ಹೊದಿಕೆ ಪೂರ್ತಿ ಕಪ್ಪು. ನಡುವೆ ಸವಣೂರಿನ ದೊಡ್ಡಹುಣಸೆ ಮರಗಳು, ಎಲೆ ಉದುರಿದ ಕಾಲದಲ್ಲಿ ತೆಗೆಸಿದ ಆ ಫೋಟೊ. ಅವುಗಳ ಬುಡದಲ್ಲಿ ನಾವು ನಾಲ್ವರು ಇರುವೆಗಳಷ್ಟು ಕಾಣುತ್ತೇವೆ. ಮೇಲೆ ಬಿಳಿ ಅಕ್ಷರದಲ್ಲಿ ‘ಅಮಾಸಿ’ ಎಂದಿದೆ. ಹಾಡಿದವರು: ಮಾಳಪ್ಪ, ಮಾಸೂರು. ಗಿಟಾರು: ನಿಯಾಜ, ಸವಣೂರು. ಮದುವೆ ಬ್ಯಾಂಡಿನ ಕರೀಮಸಾಬನ ಮಗನ ಹೆಸರು ರೆಕಾರ್ಡಿನ ಮೇಲೆ! ನಮ್ಮಪ್ಪನಿಗೆ ಒಂದು ಕಳಿಸಿದ್ದೇನೆ. ಕೇಳಿ ಏನನ್ನುತ್ತಾನೋ. ಇಂಥ ಹಾಡನ್ನು ಮದುವೆಯಲ್ಲಿ ಬಾರಿಸಿದರೆ ಬೀಗರು ಅಟ್ಟಿಸಿಕೊಂಡು ಬಂದಾರು.

ಹಾನಗಲ್ಲಿನಲ್ಲಿ ಗಣಪತಿ ಪೆಂಡಾಲಿನ ಮುಂದೆ ನಾವು ಮೊದಲ ಸಲ ಇದನ್ನು ಬಾರಿಸಿದಾಗ ಒಬ್ಬ ಎದ್ದು ನಿಂತು, “ಯಾರ ಸತ್ತಾರ್ರಿ? ಒಂದು ಸಿನಿಮಾ ಹಾಡ ಹೇಳ್ರಿ!” ಎಂದು ಕೂಗಿದ್ದನಲ್ಲ. ಇಲ್ಲಿಯ ಮ್ಯಾನೇಜರೂ ಅದನ್ನೇ ಇಂಗ್ಲಿಷಿನಲ್ಲಿ ಕೇಳಿದ. ಆದರೆ ನಿನ್ನ ದನಿ ಕೇಳಿ ಸುಮ್ಮನಾದ.

ಈಗ ನಿನಗೆ ಹೇಳಲೇಬೇಕಾದ ಒಂದು ಮಾತಿದೆ. ನೀನು ಹಾಡಿ ಊರಿಗೆ ಹೋದ ಮೇಲೆ ಆರನೆಯ ಹಾಡು ನನಗೆ ಪೊಳ್ಳಾಗಿ ಕೇಳಿಸಿತು. ಸಾವಿನ ಬಗ್ಗೆ ನಾವು ಹಾಡುತ್ತಿದ್ದೇವೆ, ಆದರೆ ಸಾವು ಅಲ್ಲಿರಲಿಲ್ಲ. ಫೆಬ್ರವರಿಯಲ್ಲಿ ನಿನ್ನ ತಂಗಿ ತಿಪ್ಪವ್ವನನ್ನು ಮದಗದ ಕೆರೆಯಿಂದ ಎತ್ತಿ ತಂದು ನಿಮ್ಮ ಅಂಗಳದಲ್ಲಿ ಮಲಗಿಸಿದ ದಿನ ನಾನೂ ಅಲ್ಲಿದ್ದೆ. ತಾಲೀಮಿಗೆಂದು ತಂದಿದ್ದ ಟೇಪ್ ರೆಕಾರ್ಡರ್ ಹೆಗಲ ಚೀಲದಲ್ಲಿತ್ತು. ನಿಮ್ಮವ್ವ ಮಗಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಹಾಡ್ಯಾಡಿ ಅಳತೊಡಗಿದಾಗ ನನ್ನ ಬೆರಳು ಗುಂಡಿ ಒತ್ತಿತು. ಯಾಕೆ ಒತ್ತಿತು ಎಂದು ಕೇಳಬೇಡ, ನನಗೂ ಗೊತ್ತಿಲ್ಲ.

ಆ ಅಳುವನ್ನು ಹಾಡಿನ ಕೊನೆಗೆ ಸೇರಿಸಿದ್ದೇನೆ. ಗಿಟಾರು ನಿಲ್ಲುತ್ತದೆ, ಡ್ರಮ್ಮು ನಿಲ್ಲುತ್ತದೆ, ಆಮೇಲೆ ಮೂರು ನಿಮಿಷ ನಿಮ್ಮವ್ವ ಭರಮವ್ವನ ದನಿ ಒಂದೇ. ಸಿಟ್ಟಾಗುವ ಮೊದಲು ಒಂದು ಸಲ ಕೇಳು.

ಎರಡು ರೆಕಾರ್ಡು ಪಾರ್ಸೆಲ್ ಮಾಡಿದ್ದೇನೆ.

ನಿನ್ನ
ನಿಯಾಜ


ಮಾಸೂರು
2 ಡಿಸೆಂಬರ್ 1979

ನಿಯಾಜ,

ಪಾರ್ಸೆಲ್ಲು ಮೊದಲು ಬಂತು. ನಿನ್ನ ಪತ್ರ ಬಂದದ್ದು ನಾಲ್ಕು ದಿನ ತಡವಾಗಿ. ಹೀಗಾಗಿ ಏನೂ ತಿಳಿಯದೆ ಒಂದು ರೆಕಾರ್ಡನ್ನು ಎದೆಗವಚಿಕೊಂಡು ಹಿರೇಕೆರೂರಿಗೆ ಒಯ್ದೆ. ನಮ್ಮ ಮನೆಯಲ್ಲಿ ಅದನ್ನು ಹಾಕುವ ಪೆಟ್ಟಿಗೆ ಇಲ್ಲ. ಬಸ್ ಸ್ಟ್ಯಾಂಡಿನ ಎದುರಿಗೆ ಶಹಾಬುದ್ದೀನನ ಚಹಾದಂಗಡಿಯಲ್ಲಿ ಇದೆಯಲ್ಲ, ಅಲ್ಲಿಗೆ ಹೋದೆ. ಅಂದು ಸಂತೆ. ಮಾಸೂರಿನವರೇ ಹತ್ತು ಹನ್ನೆರಡು ಜನ ಬೆಂಚಿನ ಮೇಲಿದ್ದರು. “ನಮ್ಮ ಮಾಳಪ್ಪಂದು ಪ್ಲೇಟ್ ಬಂದೈತ್ರಿ, ಎಲ್ಲಾರೂ ಕೇಳ್ರಿ” ಎಂದು ಶಹಾಬುದ್ದೀನನೇ ಕೂಗಿ ಹೇಳಿದ. ನಾನು ಹೆಮ್ಮೆಯಿಂದ ನಿಂತಿದ್ದೆ.

ಐದು ಹಾಡು ಯಾರಿಗೂ ತಿಳಿಯಲಿಲ್ಲ, ಆದರೂ ನನ್ನ ಮುಖ ನೋಡಿ ತಲೆ ಆಡಿಸಿದರು. ಆರನೆಯದರ ಕೊನೆಗೆ ಅವ್ವನ ದನಿ ಬಂತು. ಚಹಾದ ಕಪ್ಪು ಬಸಿಗಳು ಕೈಯಲ್ಲೇ ನಿಂತವು. ಒಬ್ಬ ಮುದುಕ, “ಇದು ನಮ್ಮ ಭರಮವ್ವನ ದನಿ ಅಲ್ಲೇನೋ?” ಎಂದ. ಎಲ್ಲರೂ ಅಷ್ಟನ್ನೂ ಕೇಳಿದರು. ಅಷ್ಟನ್ನೂ, ನಿಯಾಜ. ಶಹಾಬುದ್ದೀನ ಮುಳ್ಳು ಎತ್ತುವ ಹೊತ್ತಿಗೆ ಎಲ್ಲ ಮುಗಿದಿತ್ತು.

ಕೇಳದೆ ತೆಗೆದುಕೊಂಡರೆ ನಮ್ಮಲ್ಲಿ ಅದಕ್ಕೆ ಕಳವು ಅನ್ನುತ್ತಾರೆ. ಹೆಣದ ಮುಂದೆ ಕೂತ ಹೆಂಗಸಿನ ಬಾಯಿಂದ ನೀನು ಕದ್ದೆ. ಹೊದಿಕೆಯ ಮೇಲೆ ನಾಲ್ವರು ಗಂಡಸರ ಹೆಸರಿದೆ, ಗಿಟಾರಿನ ತಂತಿಯ ಕಂಪನಿಯ ಹೆಸರೂ ಇದೆ. ಅವ್ವನ ಹೆಸರೆಲ್ಲಿದೆ?

ಎರಡೂ ರೆಕಾರ್ಡನ್ನು ಹಿತ್ತಲಿನ ನೀರೊಲೆಗೆ ಹಾಕಿದೆ. ಇನ್ನು ನಾನು ಹಾಡುವುದಿಲ್ಲ. ಈ ಕಡೆ ಬರಬೇಡ.

ಮಾಳಪ್ಪ


ಸವಣೂರು
20 ಜನವರಿ 1980

ಮಾಳಪ್ಪಾ,

ಬರಬೇಡ ಎಂದರೂ ಮೊನ್ನೆ ಬಂದಿದ್ದೆ. “ಮಾಳ್ಯಾ ಮನ್ಯಾಗಿಲ್ಲಪ್ಪ” ಎಂದಳು ನಿಮ್ಮವ್ವ. ನಿನ್ನ ಚಪ್ಪಲಿ ಬಾಗಿಲಲ್ಲೇ ಇದ್ದವು. ಆಕೆ ಸುಳ್ಳು ಹೇಳಿದ್ದನ್ನು ನಾನು ಅಂದೇ ಮೊದಲ ಸಲ ಕೇಳಿದ್ದು. ಕಟ್ಟೆಯ ಮೇಲೆ ಕೂರಿಸಿ ನೀರು ಬೆಲ್ಲ ಕೊಟ್ಟಳು. ಅವಳ ಕಾಲು ಮುಟ್ಟಿ ತಪ್ಪಾಯಿತೆಂದೆ. ಏನು ತಪ್ಪೆಂದು ಬಿಡಿಸಿ ಹೇಳಿದೆ. ಸಂತೆಗೆ ಹೋದವರು ಮೊದಲೇ ಹೇಳಿದ್ದರಂತೆ. ಬೈಯಲಿಲ್ಲ. ಬಸ್ಸಿನವರೆಗೂ ಜೊತೆಗೆ ನಡೆದು ಬಂದು ಒಂದು ಮಾತು ಕೇಳಿದಳು. ಅದನ್ನು ನಿನಗೆ ಹೇಳಕೂಡದೆಂದು ಆಣೆ ಹಾಕಿಸಿಕೊಂಡಿದ್ದಾಳೆ, ಅದಕ್ಕೆ ಬರೆಯುವುದಿಲ್ಲ.

ಹೆಸರು ಹಾಕದ್ದು ನನ್ನ ತಪ್ಪು. ಕೇಳದ್ದು ಅದಕ್ಕಿಂತ ದೊಡ್ಡದು. ಒಪ್ಪುತ್ತೇನೆ.

ನಿನಗೆ ಸಮಾಧಾನವಾಗುವ ಸುದ್ದಿಯೂ ಇದೆ. ರೆಕಾರ್ಡು ಹೋಗಲಿಲ್ಲ. ಹುಬ್ಬಳ್ಳಿಯ ಅಂಗಡಿಯವರು ಒಂದನ್ನು ಕೇಳಿ ಉಳಿದ ಕಟ್ಟು ಬಿಚ್ಚದೆ ಹಿಂದಿರುಗಿಸಿದರು. “ಹೆಣದ ಮನೀ ಹಾಡು ಸಂಸಾರದಾಗ ಹಾಕಬಾರದು” ಎಂದರಂತೆ. ಉಳಿದವನ್ನು ಕಂಪನಿ ಕರಗಿಸಿ ಬೇರೆ ರೆಕಾರ್ಡು ಮಾಡುತ್ತದೆ. ನಮ್ಮ ಅಮಾಸಿ ನಾಳೆ ಯಾವುದೋ ಲಗ್ನದ ಹಾಡಾಗಿ ತಿರುಗುತ್ತದೆ.

ಒಂದು ಸಾಲಾದರೂ ಬರೆ.

ನಿಯಾಜ


ದಾದರ, ಮುಂಬಯಿ
9 ಆಗಸ್ಟ್ 1987

ಶ್ರೀ ಮಾಳಪ್ಪ ಅವರಿಗೆ,

ಏಳೂವರೆ ವರ್ಷದ ಮೇಲೆ ಹೇಗೆ ಕರೆಯಬೇಕೋ ತಿಳಿಯದೆ ಹೀಗೆ ಬರೆದೆ. ನೀನು ಹಿರೇಕೆರೂರಿನ ಬಸ್ ಸ್ಟ್ಯಾಂಡಿನಲ್ಲಿ ಕಂಟ್ರೋಲರ್ ಆಗಿದ್ದೀ ಎಂದು ತಿಳಿಯಿತು. ನಾನು ಇಲ್ಲಿ ಬೇರೆಯವರ ಹಾಡಿಗೆ ಗಿಟಾರು ಬಾರಿಸುತ್ತೇನೆ. ಮುಚ್ಚಿಡುವುದೇಕೆ, ಆ ಆರನೆಯ ಹಾಡನ್ನು ಕೇಳಿದ ಒಬ್ಬರೇ ನನಗೆ ಮೊದಲ ಕೆಲಸ ಕೊಡಿಸಿದರು.

ವಿಷಯ ಇದು. ‘ಅಮಾಸಿ’ಯನ್ನು ಕಂಪನಿ ಮತ್ತೆ ತರುತ್ತದೆ, ಈ ಸಲ ಕ್ಯಾಸೆಟ್ಟಾಗಿ. ಕರಗಿಸದೆ ಉಳಿದ ಕೆಲವು ರೆಕಾರ್ಡುಗಳಿಂದ ಧಾರವಾಡದ ಹಾಸ್ಟೆಲಿನ ಹುಡುಗರು ಟೇಪಿಗೆ ಇಳಿಸಿಕೊಂಡು ಒಬ್ಬರಿಂದೊಬ್ಬರಿಗೆ ದಾಟಿಸಿದ್ದಾರೆ. ಅದು ಇಲ್ಲಿಯ ಕಾಲೇಜುಗಳವರೆಗೂ ಬಂದಿದೆ. ಭಾಷೆ ತಿಳಿಯದವರೂ ಕೇಳುತ್ತಾರೆ. ಹೊರದೇಶದಲ್ಲಿ ಈಗ ಕಪ್ಪು ಬಟ್ಟೆ ತೊಟ್ಟು ಕಣ್ಣಿಗೆ ಕಾಡಿಗೆ ಬಳಿದುಕೊಂಡು ಗೋರಿ, ಕತ್ತಲೆಗಳ ಮೇಲೆ ರಾಕ್ ಹಾಡು ಕಟ್ಟುವವರಿದ್ದಾರಂತೆ. ಅದಕ್ಕೆ ಗಾಥಿಕ್ ಎನ್ನುತ್ತಾರಂತೆ. ನಮ್ಮದನ್ನು ಕೇಳಿ, “ಇದೇ ಅದು, ನೀವು ಮೊದಲೇ ಮಾಡಿದ್ದೀರಿ” ಎಂದರು. ನಾವು ಯಾವ ಹೊರದೇಶ ಕಂಡಿದ್ದೆವು? ನೀನು ಸತ್ತವರ ಮನೆಯಲ್ಲಿ ಭಜನೆ ಹೇಳುತ್ತಿದ್ದೆ, ನಾನು ಗೋರಿಗಳ ನಡುವೆ ಆಡಿ ಬೆಳೆದೆ. ಅಷ್ಟೇ.

ಹಾಡಿದವನಾದ್ದರಿಂದ ನಿನ್ನ ಸಹಿ ಬೇಕು. ಈ ಸಲ ಭರಮವ್ವನ ಹೆಸರು ಎಲ್ಲರಿಗಿಂತ ಮೇಲೆ ಇರುತ್ತದೆ. ಹಾಕುವೆವೆಂದು ಬರೆಸಿಕೊಂಡಿದ್ದೇನೆ.

ನಿಯಾಜ


ಹಿರೇಕೆರೂರು
24 ಆಗಸ್ಟ್ 1987

ನಿಯಾಜ ಅವರಿಗೆ,

ನಿಮ್ಮ ಪತ್ರ ತಲುಪಿತು. ಸಹಿ ಹಾಕಲು ನನ್ನ ತಕರಾರಿಲ್ಲ. ಷರತ್ತು ಒಂದೇ: ಆರನೆಯ ಹಾಡಿನ ಕೊನೆಯಲ್ಲಿ ಗಿಟಾರು ನಿಂತ ಜಾಗದಲ್ಲೇ ಹಾಡು ಮುಗಿಯಬೇಕು. ಮುಂದಿನ ಮೂರು ನಿಮಿಷ ಇರಕೂಡದು.

ನನ್ನ ತಾಯಿಗೆ ಅರವತ್ತೆಂಟು ವರ್ಷ. ಆಕೆಯ ದುಃಖವನ್ನು ಹಾಸ್ಟೆಲಿನ ಹುಡುಗರು ಸಿಗರೇಟು ಸೇದುತ್ತ ಕೇಳುವುದು ನನಗೆ ಬೇಕಿಲ್ಲ. ಹೆಸರು ಹಾಕಿದರೆ ಕಳವು ದಾನವಾಗುವುದಿಲ್ಲ.

ಮಾಳಪ್ಪ


ದಾದರ, ಮುಂಬಯಿ
10 ಸೆಪ್ಟೆಂಬರ್ 1987

ಮಾಳ್ಯಾ,

‘ಅವರಿಗೆ’, ‘ನಿಮ್ಮ’ ಎಲ್ಲ ಸಾಕು. ಕಳವು ಮಾಡಿದವನು ನಾನು. ಅದನ್ನು ಎಂಟು ವರ್ಷದಿಂದ ಹೊತ್ತಿದ್ದೇನೆ, ಸಾಯುವತನಕ ಹೊರುತ್ತೇನೆ. ಆದರೆ ನೀನು ನಿಮ್ಮವ್ವನ ಮಾನಕ್ಕಾಗಿ ಇದನ್ನು ಕೇಳುತ್ತಿಲ್ಲ. ಆ ಮೂರು ನಿಮಿಷದಲ್ಲಿ ಏನಿದೆ ಎಂದು ನಾನು ಬರೆಯಲೇ?

“ಮೂರು ಸಲ ಬಂದ್ಯಲ್ಲ ನನ ಮಗಳ, ಮೂರೂ ಸಲ ತಿರುಗಿ ಕಳಿಸಿದ್ನಲ್ಲ.
ಬೆನ್ನಾಗಿನ ಬಾಸುಂಡಿ ತೋರಿಸಿದ್ಯಲ್ಲ, ಸೆರಗಿಲೆ ಮುಚ್ಚಿಬಿಟ್ನಲ್ಲ.
ಹಾಡು ಹೇಳೂ ಅಣ್ಣ ನಿನ್ನ ಬಸ್ ಹತ್ತಿಸ್ಯಾನಲ್ಲ, ಹೊಳ್ಳಿ ನೋಡದ ಹೋದನಲ್ಲ.”

ನೀನು ಕತ್ತರಿಸಬೇಕೆನ್ನುವುದು ಮೂರನೆಯ ಸಾಲನ್ನು. ಮೊದಲೆರಡು ಸಾಲಿನಲ್ಲಿ ನಿಮ್ಮವ್ವ ತನ್ನನ್ನೇ ಬೈದುಕೊಂಡಿದ್ದಾಳೆ. ಅದನ್ನು ನೀನು ಸಹಿಸಿದ್ದೆಯೋ ಏನೋ.

ಅಂದು ನಾನು ಹಿರೇಕೆರೂರಿನ ಸ್ಟ್ಯಾಂಡಿನಲ್ಲಿ ನಿನಗಾಗಿ ಕಾಯುತ್ತಿದ್ದೆ. ಕಂಪನಿಯವರು ನಮ್ಮನ್ನು ಮೊದಲ ಸಲ ಮುಂಬಯಿಗೆ ಕರೆಸಿದ್ದರು. ತಿಪ್ಪವ್ವ ಹಿಂದಿನ ದಿನ ಗಂಡನ ಹೊಡೆತ ತಾಳದೆ ಓಡಿ ಬಂದಿದ್ದಳು. ಮನೆಯಲ್ಲಿ ಅವಳನ್ನು ಇಟ್ಟುಕೊಂಡರೆ ಗಂಡನ ಕಡೆಯವರು ಜಗಳಕ್ಕೆ ಬರುತ್ತಾರೆ, ನೀನು ಊರು ಬಿಡುವಂತಿಲ್ಲ. “ಮುಂಬಯಿಗೆ ಹೋಗಿ ಬರ್ತೇನಿ, ಆಮ್ಯಾಲೆ ನೋಡೂಣಂತ” ಎಂದು ನನ್ನ ಕಣ್ಣೆದುರಿಗೆ ಅವಳನ್ನು ಗಂಡನೂರು ಹಂಸಭಾವಿಯ ಬಸ್ಸಿಗೆ ಹತ್ತಿಸಿದೆ. ನಾವು ಈ ಕಡೆಯ ಬಸ್ಸು ಹಿಡಿದೆವು. ನಾನೂ ಒಂದು ಮಾತು ಆಡಲಿಲ್ಲ. ನನಗೂ ಮುಂಬಯಿ ಬೇಕಿತ್ತು. ನಾವು ತಿರುಗಿ ಬಂದು ತಾಲೀಮಿಗೆ ಕೂರುವ ದಿನ ಅವಳೂ ಹಂಸಭಾವಿಯಿಂದ ಹೊರಟು ಬಂದಳು. ಮನೆಗೆ ಬರಲಿಲ್ಲ, ನೇರ ಕೆರೆಗೆ ಹೋದಳು.

ಕತ್ತರಿಸುವ ಮೊದಲು ನಿಮ್ಮವ್ವನನ್ನು ಒಂದು ಮಾತು ಕೇಳು. ನಾನು ಕೇಳದೆ ತೆಗೆದುಕೊಂಡೆ. ನೀನು ಕೇಳದೆ ಅಳಿಸಬೇಡ.

ನಿಯಾಜ


ಹಿರೇಕೆರೂರು
18 ಸೆಪ್ಟೆಂಬರ್ 1987

ಅವ್ವನನ್ನು ಕೇಳುವ ಅಗತ್ಯವಿಲ್ಲ. ನಮ್ಮ ಮನೆಯಲ್ಲಿ ಆ ಹೆಸರನ್ನು ಎತ್ತುವುದಿಲ್ಲ. ಎಂಟು ವರ್ಷದಿಂದ ಎತ್ತಿಲ್ಲ.

ಕತ್ತರಿಸಿದರೆ ಸಹಿ. ಇಲ್ಲದಿದ್ದರೆ ಇಲ್ಲ.

ಮಾಳಪ್ಪ


ಸವಣೂರು
26 ಫೆಬ್ರವರಿ 1988

ಮಾಳಪ್ಪಾ,

ಕ್ಯಾಸೆಟ್ಟು ಬಂದಿದೆ. ನೀನು ಹೇಳಿದ ಜಾಗದಲ್ಲೇ ಮುಗಿಯುತ್ತದೆ. ಮೂಲ ಟೇಪನ್ನೇ ಬ್ಲೇಡಿನಿಂದ ಕೊಯ್ದು ಅಂಟಿಸಿದ್ದಾರೆ. ಕೊಯ್ದ ತುಂಡು ಎಲ್ಲಿ ಎಂದು ಕೇಳಿದರೆ ಕಂಪನಿಯ ಹುಡುಗ ಕಸದ ಡಬ್ಬಿ ತೋರಿಸಿದ. ಅದು ಮೂರು ದಿನದ ಹಿಂದೆಯೇ ಖಾಲಿಯಾಗಿತ್ತು. ನಾನು ಅಂಗಳದಲ್ಲಿ ಹಿಡಿದುಕೊಂಡ ಟೇಪನ್ನೂ ಅಂದು ಕಂಪನಿಗೇ ಕೊಟ್ಟಿದ್ದೆ. ಅದರ ಮೇಲೆ ಬೇರೆ ಏನೋ ತುಂಬಿ ಎಷ್ಟೋ ವರ್ಷವಾಯಿತಂತೆ. ಧಾರವಾಡದ ಹುಡುಗರ ಟೇಪೂ ತರಿಸಿದೆ, ಕೈಯಿಂದ ಕೈಗೆ ಇಳಿಸಿ ಇಳಿಸಿ ಆ ಮೂರು ನಿಮಿಷ ಬರೀ ಸದ್ದಾಗಿದೆ, ಅವರು ಇಳಿಸಿಕೊಂಡ ರೆಕಾರ್ಡುಗಳು ಎಲ್ಲಿವೆಯೋ ಯಾರಿಗೂ ಗೊತ್ತಿಲ್ಲ.

ಜನವರಿಯಲ್ಲಿ ನಮ್ಮ ಅಮ್ಮ ಹುಸೇನಬಿ ತೀರಿಕೊಂಡಳು. ಅದಕ್ಕೇ ಊರಿನಲ್ಲಿದ್ದೇನೆ. ಈಗ ಆಣೆ ಮುರಿದು ಬರೆಯುತ್ತೇನೆ. ನಿಮ್ಮವ್ವ ಬಸ್ಸಿನ ಹತ್ತಿರ ಅಂದು ನನ್ನನ್ನು ಕೇಳಿದ್ದು ಇಷ್ಟೇ: “ಅದನ್ನ ನಾ ಎಲ್ಲಿ ಕೇಳಬೇಕಪ್ಪ?”

ಶಿಗ್ಗಾಂವಿಯ ತಂಗಿಯ ಮನೆಗೆ ಹೋಗುತ್ತೇನೆಂದು ನಿನಗೆ ಹೇಳಿ ವರ್ಷಕ್ಕೆ ಎರಡು ಮೂರು ಸಲ ಆಕೆ ಸವಣೂರಿಗೆ ಬರುತ್ತಿದ್ದಳು. ನಮ್ಮಪ್ಪನಿಗೆ ಕಳಿಸಿದ ರೆಕಾರ್ಡು ಇಲ್ಲಿತ್ತಲ್ಲ. ನಮ್ಮಮ್ಮ ಐದು ಹಾಡು ದಾಟಿಸಿ ಕೊನೆಯದಕ್ಕೆ ಮುಳ್ಳು ಇಡುತ್ತಿದ್ದಳಂತೆ. ಇಬ್ಬರೂ ಕೂತು ಕೇಳುತ್ತಿದ್ದರು. ಒಮ್ಮೆ ನಾನೂ ಇದ್ದೆ. ಯಾಕವ್ವ ಇದನ್ನೇ ಮತ್ತೆ ಮತ್ತೆ ಕೇಳುತ್ತೀ ಎಂದೆ. “ನಮ್ಮ ಮನ್ಯಾಗ ಆಕಿ ಹೆಸರ ಇಲ್ಲಪ್ಪ. ಇಲ್ಲೆ ನಾ ಆಕಿನ್ನ ಕರದದ್ದು ಕೇಳ್ತೇತಿ” ಎಂದಳು.

ನಮ್ಮಮ್ಮನ ನಲವತ್ತನೆಯ ದಿನ ನಿಮ್ಮವ್ವ ಬಂದಳು. ರೆಕಾರ್ಡು ಹಾಕೆಂದಳು. ಹಾಕಿದೆ. ಕೊನೆಯ ಹಾಡಿನ ಜಾಗ ಸವೆದು ಬೆಳ್ಳಗಾಗಿದೆ, ಬರೀ ಕರಕರ. ಆಗ ಆಕೆಯ ಕಣ್ಣು ಹೊಸ ಕ್ಯಾಸೆಟ್ಟಿನ ಮೇಲೆ ಬಿತ್ತು. “ಇದೂ ಅದ ಅಲ್ಲೇನು?” ಎಂದು ಎತ್ತಿಕೊಂಡಳು. ಸೆರಗಿನಲ್ಲಿ ಕಟ್ಟಿಕೊಂಡು ಹೊರಟಳು. ಅದರಲ್ಲಿ ಇಲ್ಲ ಎಂದು ಹೇಳಲು ನನಗೆ ಬಾಯಿ ಬರಲಿಲ್ಲ. ಅಷ್ಟು ಹೇಡಿ ನಾನು.

ನೀನು ಹೇಳು.

ನಿಯಾಜ


ಹಿರೇಕೆರೂರು
17 ಏಪ್ರಿಲ್ 1988

ನಿಯಾಜ,

ನಾನೂ ಹೇಳಲಿಲ್ಲ. ನಿನ್ನ ಪತ್ರ ಓದಿ ಒಂದು ತಿಂಗಳು ಮಾಸೂರಿನ ಮನೆಗೇ ಹೋಗಲಿಲ್ಲ. ಡ್ಯೂಟಿ ಎಂದು ಇಲ್ಲೇ ಉಳಿದೆ. ಹೋದ ದಿನ ಅವ್ವ ಪಕ್ಕದ ಮನೆಯ ಮಂಜಪ್ಪನ ಟೇಪ್ ರೆಕಾರ್ಡರ್ ಇಸಿದುಕೊಂಡು ಪಡಸಾಲೆಯಲ್ಲಿ ಇಟ್ಟಿದ್ದಳು. ಗುಂಡಿ ಒತ್ತಲು ಬರುವುದಿಲ್ಲವೆಂದು ನನಗಾಗಿ ಕಾದಿದ್ದಳಂತೆ. ನನಗೆ ಮುಚ್ಚಿಟ್ಟಿದ್ದಳೆನ್ನುವ ಅಳುಕು ಅವಳ ಮುಖದಲ್ಲಿ ಇರಲಿಲ್ಲ. “ಹಚ್ಚು” ಎಂದಳು.

ಆರೂ ಹಾಡು ಕೇಳಿದಳು. ದಾಟಿಸುವುದು ಹೇಗೆಂದು ಅವಳಿಗೆ ತಿಳಿಯದು, ದಾಟಿಸಲು ನನಗೆ ಮನಸ್ಸಿಲ್ಲ. ಹತ್ತಿ ಬಿಡಿಸಿದ ಕೈಗಳನ್ನು ಮಡಿಲಲ್ಲಿಟ್ಟು ಕೂತಿದ್ದಳು. ಎಂಟು ವರ್ಷದ ಮೇಲೆ ನನ್ನ ದನಿ ನಾನೇ ಕೇಳಿದೆ. ಚೆನ್ನಾಗಿ ಹಾಡಿದ್ದೇನೆ. ಅದೇ ಹೇಸಿಗೆಯಾಯಿತು. ಗಿಟಾರು ನಿಂತಿತು. ಅವ್ವ ಮುಂದಕ್ಕೆ ಬಾಗಿದಳು. ಟೇಪು ಸುಮ್ಮನೆ ಓಡಿ ಟಕ್ಕೆಂದು ನಿಂತಿತು.

“ಮಗ್ಗಲಾ ಬದಲ ಮಾಡು.”

“ಇಲ್ಲಬೇ ಅವ್ವ. ಅದರಾಗ ಇಲ್ಲ.”

“ಎಲ್ಲಿ ಹೋತು?”

“ನಾನ ತೆಗಿಸೇನಿ.”

“ಹೆಣ ಒಯ್ಯಾಕ ನಾಕು ಮಂದಿ ಬೇಕಾತು. ಆಕಿ ಹೆಸರ ಒಯ್ಯಾಕ ನೀ ಒಬ್ಬಾಂವ ಸಾಕಾದಿ” ಎಂದಳು. ಆಮೇಲೆ, “ಹಂಗಾರ ನೀನ ಹಾಡು. ಹಾಡು ಹೇಳಾಂವ ಅಲ್ಲೇನ?” ಎಂದಳು.

ಹಾಡಿದೆ. ಎರಡು ಸಾಲು ಹಾಡಿದೆ. ಮೂರನೆಯದನ್ನು ಮರೆತೆನೆಂದು ಹೇಳಿದೆ.

“ನಾ ಮರತಿಲ್ಲ” ಎಂದು ಎದ್ದು ಒಳಗೆ ಹೋದಳು.

ಇದಾಗಿ ಹತ್ತನೆಯ ದಿನ, ಅಂದರೆ ಮೊನ್ನೆ ಶುಕ್ರವಾರ, ನಾನು ಸ್ಟ್ಯಾಂಡಿನಲ್ಲಿ ಮೈಕಿನ ಮುಂದಿದ್ದೆ. ದಿನಕ್ಕೆ ಆರು ಸಲ ಹಂಸಭಾವಿಯ ಬಸ್ಸನ್ನು ಕೂಗುವವನು ನಾನೇ, ಅದು ನಿನಗೆ ಗೊತ್ತಿರಲಿಕ್ಕಿಲ್ಲ. ಹನ್ನೊಂದರ ಬಸ್ಸು ಕೂಗಿ ತಲೆ ಎತ್ತಿದರೆ ಅವ್ವ ಹತ್ತುತ್ತಿದ್ದಳು. ತಿಪ್ಪಿ ಹೋದ ಮೇಲೆ ಅವಳು ಆ ಊರಿನ ದಿಕ್ಕಿಗೆ ಮುಖ ಹಾಕಿರಲಿಲ್ಲ. ಮೈಕು ಬಿಟ್ಟು ಓಡಿ ಹಿಂದಿನ ಬಾಗಿಲಿಂದ ಹತ್ತಿದೆ. ನೋಡಿ ಕಿಟಕಿಯ ಕಡೆ ತಿರುಗಿದಳು.

ಹಂಸಭಾವಿಯಲ್ಲಿ ಇಳಿದು ನೇರ ತಿಪ್ಪಿಯ ಗಂಡನ ಮನೆಯ ಮುಂದೆ ಹೋಗಿ ನೆಲದ ಮೇಲೆ ಕೂತಳು. ತುರುಬು ಬಿಚ್ಚಿದಳು. ಹಾಡ್ಯಾಡಿ ಅಳತೊಡಗಿದಳು. ಹಾಡೇ ಹಗಲು, ಬಿಸಿಲು ನೆತ್ತಿಯ ಮೇಲೆ. ನೀನು ಟೇಪಿನಲ್ಲಿ ಹಿಡಿದದ್ದು ಮೂರು ನಿಮಿಷ, ನಿಯಾಜ. ಮೊನ್ನೆಯದು ಒಂದು ತಾಸಿನ ಮೇಲಾಯಿತು. ತಿಪ್ಪಿ ಹುಟ್ಟಿದ್ದು, ಹಾಲು ಹಲ್ಲು ಬಿದ್ದದ್ದು, ಶಾಲೆ ಬಿಡಿಸಿದ್ದು, ಈ ಮನೆಗೆ ಕೊಟ್ಟದ್ದು, ಇವನು ಬಾರುಕೋಲಿನಿಂದ ಹೊಡೆದದ್ದು, ಎಲ್ಲ ಬಂತು. ಹೆಸರು ಹಿಡಿದು ಕರೆದಳು, ಎಷ್ಟು ಸಲ ಕರೆದಳೋ. ಓಣಿಯ ಜನ ಸೇರಿದರು. ಅವನು ಹೊರಗೆ ಬಂದು ನೋಡಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡ. ಅವನ ಎರಡನೆಯ ಹೆಂಡತಿ ಮಾತ್ರ ಒಳಗೆ ಹೋಗಲಿಲ್ಲ. ಬೆನ್ನ ತುಂಬ ಸೆರಗು ಹೊದ್ದು ಕಟ್ಟೆಯ ಮೇಲೆ ನಿಂತು ಕೊನೆಯವರೆಗೂ ಕೇಳಿದಳು.

ನನ್ನ ಸಾಲು ಬಂತು. ಅವ್ವ ನನ್ನ ಕಡೆ ಕೈ ಮಾಡಲಿಲ್ಲ, ನೋಡಲೂ ಇಲ್ಲ. “ಅಲ್ಲೆ ನಿಂತಾರಲ್ಲ, ಕಂಟ್ರೋಲರ್ ಸಾಹೇಬ್ರು, ಅವರ ಅಣ್ಣ” ಎಂದು ಯಾರೋ ಅಂದರು. ಜನ ತಿರುಗಿದರು. ನಾನು ನಿಂತೇ ಇದ್ದೆ. ಓಡಬೇಕೆನಿಸಿತು. ಹೌದೆಂದು ತಲೆ ಆಡಿಸಿದೆನೋ ಇಲ್ಲವೋ, ಅದೂ ನೆನಪಿಲ್ಲ.

ಮುಗಿದ ಮೇಲೆ ಅವಳೇ ತುರುಬು ಕಟ್ಟಿಕೊಂಡಳು. ಆ ಹೆಂಡತಿ ಒಂದು ತಂಬಿಗೆ ನೀರು ತಂದುಕೊಟ್ಟಳು. ಅವ್ವ ಕುಡಿದು, “ನಿಮ್ಮವ್ವ ಅದಾಳೇನ?” ಎಂದು ಕೇಳಿದಳು. ಅವಳು ಹೌದೆಂದಳು. “ಹಂಗಾರ ಹೋಗು. ನಡದ ಹೋಗು, ಬಸ್ಸಿಗೆ ಕಾಯಬ್ಯಾಡ” ಎಂದಳು ಅವ್ವ.

ತಿರುಗಿ ಬರುವ ಬಸ್ಸಿನಲ್ಲಿ ಅವಳ ಪಕ್ಕದ ಸೀಟು ಖಾಲಿ ಇತ್ತು. ಕೂತೆ. ಕಂಡಕ್ಟರ್ ನನ್ನ ಪರಿಚಯದವನು. ನಗುತ್ತ ಬಂದು, “ಅವ್ವಾರು ಏನ್ರಿ ಸಾಹೇಬ್ರ? ಇಬ್ಬರಿಗೂ ಹಿರೇಕೆರೂರೇ ಕೊಡ್ಲಿ?” ಎಂದ.

ಅವ್ವ ಸೊಂಟದ ಚೀಲ ಬಿಚ್ಚಿದಳು. “ನಂದಷ್ಟ ಕೊಡಪ್ಪ. ಇವರು ಯಾರೋ ನನಗ ಗೊತ್ತಿಲ್ಲ” ಎಂದಳು.

ಮಾಳಪ್ಪ